ಬೋನಾಳ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ಕಾಣದಿದ್ದರೆ

ಯಾದಗಿರಿ ಜಿಲ್ಲೆಯ ಸುರಪುರದ ಬಳಿಯ ಬೋನಾಳ ಕೆರೆಗೆ ಹೋಗಿದ್ದರೂ ಚಳಿಗಾಲದ ವಲಸೆ ಹಕ್ಕಿ ಪಟ್ಟೆತಲೆ ಹೆಬ್ಬಾತು ಏಕೆ ಕಾಣಲಿಲ್ಲ ಎಂದು ಕೇಳಿದ್ದೀರಿ. ನೀವು ಅಕ್ಟೋಬರ್ ಮೊದಲ ವಾರದ ಮಧ್ಯಾಹ್ನ ಹೋದದ್ದೇ ಕಾರಣವಿರಬೇಕು. ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರಬೇಕು. ಅಷ್ಟು ಬೇಗ ಸುರಪುರ ಸೀಮೆಗೆ ಇಳಿಯುವುದಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರುವರಿಯೊಳಗೆ ಹೋಗಿ. ಆಗಲೂ ಖಾತರಿ ಕೊಡಲಾರೆ, ಎಲ್ಲವೂ ಆ ವರ್ಷದ ನೀರಿನ ಮೇಲಿದೆ. ಹೊರಡುವ ಮುನ್ನ ಆ ಊರಿನ ಯಾರನ್ನಾದರೂ ಕೆರೆಯ ಸ್ಥಿತಿ ಕೇಳಿಕೊಳ್ಳಿ.

ಹಿಂದಿನ ರಾತ್ರಿ ಸುರಪುರದಲ್ಲಿ ತಂಗಿ, ಬೆಳಕು ಹರಿಯುವ ಮೊದಲೇ ಕೆರೆ ಸೇರಿ. ಈ ಹೆಬ್ಬಾತುಗಳು ಹೆಚ್ಚಾಗಿ ರಾತ್ರಿ ಹೊಲಗಳಲ್ಲಿ ಮೇಯ್ದು, ಬೆಳಗಿನ ಹೊತ್ತಿಗೆ ನೀರಿಗೆ ಮರಳುತ್ತವೆ. ಹಿಂಡು ಹಿಂಡಾಗಿ ಇಳಿಯುವುದನ್ನು ನೋಡಬೇಕೆಂದರೆ ಅದೇ ಸಮಯ. (ಜೋಳ, ಕಡಲೆ ಬೆಳೆದ ರೈತರಿಗೆ ಇವುಗಳ ಮೇಲೆ ಅಷ್ಟು ಪ್ರೀತಿ ಇರಲಾರದು, ಹೊಲಕ್ಕೆ ಇಳಿಯುವ ಮುನ್ನ ಕೇಳಿ.) ಸೂರ್ಯ ಬೆನ್ನ ಹಿಂದಿರುವಂತೆ ಪೂರ್ವದ ದಂಡೆಯಲ್ಲಿ ಕುಳಿತುಕೊಳ್ಳಿ. ಏರಿಯ ಮೇಲೆ ನಿಲ್ಲಬೇಡಿ, ಆಕಾಶದೆದುರು ಆಳು ಕಂಡರೆ ಹಿಂಡು ಎದ್ದುಬಿಡುತ್ತದೆ. ಬಿಳಿ ಅಂಗಿಯೂ ಬೇಡ.

ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಕಂಡರೆ ಅದೇ ಹಕ್ಕಿ. ಮೊಬೈಲ್ ಕ್ಯಾಮೆರಾ ನಂಬಿ ಹೋಗಬೇಡಿ, 8×42 ದುರ್ಬೀನು (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಜೊತೆಗಿರಲಿ.