ಪ್ರತಿಕ್ರಿಯೆ: ಬ್ಯಾಫಿಲೋಮೈಸಿನ್ ಹಾಕಿದರೆ ಎಲ್‌ಸಿ3 ಏರಿದ್ದೇಕೆ?

ಮೂಳೆ ಸವೆಸುವ ಕೋಶವಾದ ಆಸ್ಟಿಯೋಕ್ಲಾಸ್ಟ್‌ಗೆ, ಕೋಶದ ಆಮ್ಲ ಪಂಪನ್ನು ತಡೆಯುವ ಬ್ಯಾಫಿಲೋಮೈಸಿನ್ ಹಾಕಿದ ಮೇಲೆ ಆಟೋಫೇಜಿಯ ಗುರುತಾದ ಎಲ್‌ಸಿ3-2 ಪ್ರೋಟೀನಿನ ಪಟ್ಟಿ ದಪ್ಪಗಾಯಿತು, ಮೂಳೆ ಚೂರಿನ ಮೇಲೆ ಗುಂಡಿಗಳು ಕಡಿಮೆಯಾದವು. ಅಂದರೆ ಆಟೋಫೇಜಿ (ಕೋಶ ತನ್ನದೇ ಭಾಗಗಳನ್ನು ಕರಗಿಸಿಕೊಳ್ಳುವುದು) ಹೆಚ್ಚಿ ಮೂಳೆ ಸವೆತ ನಿಂತಿತೇ ಅಂತ ಕೇಳಿದ್ದೀರಿ. ಇಲ್ಲ.

ನೀವು ಬಳ್ಳಾರಿಯವರು, ತುಂಗಭದ್ರಾ ಕಾಲುವೆ ನೋಡಿದ್ದೀರಿ. ಕೆಳಗಿನ ಗೇಟು ಮುಚ್ಚಿದರೂ ನೀರು ಏರುತ್ತದೆ. ಡ್ಯಾಮಿನಿಂದ ಹೆಚ್ಚು ಬಿಟ್ಟರು ಅಂತಲ್ಲ. ಎಲ್‌ಸಿ3-2 ಕೂಡ ಹಾಗೇ, ಬ್ಯಾಫಿಲೋಮೈಸಿನ್ ತಡೆದದ್ದರಿಂದ ಲೈಸೊಸೋಮ್‌ನಲ್ಲಿ (ಕೋಶದ ಜೀರ್ಣಚೀಲ) ಕರಗದೆ ಉಳಿದದ್ದು. ಕೋಶ ಬೆಳೆಸುವ ತಟ್ಟೆಯಲ್ಲಿ ನಾಲ್ಕು ಬಾವಿ ಇಡಿ: ರ‍್ಯಾಂಕ್‌ಎಲ್ (ಆಸ್ಟಿಯೋಕ್ಲಾಸ್ಟ್ ಬೆಳೆಸುವ ಸಂಕೇತ ಪ್ರೋಟೀನ್, 50 ನ್ಯಾನೊಗ್ರಾಂ/ಮಿ.ಲೀ.) ಇದ್ದದ್ದು, ಇಲ್ಲದ್ದು, ಎರಡಕ್ಕೂ ಬ್ಯಾಫಿಲೋಮೈಸಿನ್ 100 ನ್ಯಾನೊಮೋಲಾರ್ ಸಹಿತ, ರಹಿತ. ಅದೂ ಕೊನೆಯ 3 ಗಂಟೆ ಮಾತ್ರ, ರಾತ್ರಿಯಿಡೀ ಬಿಟ್ಟರೆ ಕೋಶಗಳೇ ಸಾಯುತ್ತವೆ. ಸಹಿತ-ರಹಿತಗಳ ಎಲ್‌ಸಿ3-2 ವ್ಯತ್ಯಾಸವೇ ಆಟೋಫೇಜಿಯ ನಿಜವಾದ ಹರಿವು. ಪಿ62 (ಆಟೋಫೇಜಿಯಲ್ಲಿ ಕರಗುವ ಪ್ರೋಟೀನ್) ಒಂದನ್ನೇ ನಂಬಬೇಡಿ. ರ‍್ಯಾಂಕ್‌ಎಲ್ ಅದನ್ನು ತಾನೇ ಏರಿಸುತ್ತದೆ, ಅದರ ಸಂದೇಶ ಒಯ್ಯುವ ಟ್ರಾಫ್6 ಪ್ರೋಟೀನಿನ ಸಂಕೇತದಲ್ಲೂ ಅದಕ್ಕೆ ಪಾತ್ರವಿದೆ.

ಗುಂಡಿಯ ಲೆಕ್ಕ ಇನ್ನೂ ಎಡವಟ್ಟು. ಬ್ಯಾಫಿಲೋಮೈಸಿನ್ ತಡೆಯುವ ವಿ-ಎಟಿಪೇಸ್ ಪಂಪೇ ಮೂಳೆ ಕರಗಿಸುವ ಆಮ್ಲಕ್ಕೂ ಬೇಕು. ಆಮ್ಲವಿಲ್ಲದೆ ಗುಂಡಿ ಎಲ್ಲಿಂದ? ಇದಕ್ಕೆ ಔಷಧ ಬಿಟ್ಟು, ಆಟೋಫೇಜಿಗೆ ಬೇಕಾದ ಎಟಿಜಿ5 ಅಥವಾ ಎಟಿಜಿ7 ಜೀನನ್ನು ಎಸ್‌ಐಆರ್‌ಎನ್‌ಎಯಿಂದ (ಜೀನ್ ಅಡಗಿಸುವ ಕಿರು ಆರ್‌ಎನ್‌ಎ) ತಗ್ಗಿಸಿ ನೋಡಿ. ಅವಿಲ್ಲದಿದ್ದರೆ ಮೂಳೆಯತ್ತ ಆಮ್ಲ ಸುರಿಸುವ ನೆರಿಗೆ ಅಂಚು ಸರಿಯಾಗಿ ಕೂಡುವುದಿಲ್ಲ, ಸವೆತ ತಗ್ಗುತ್ತದೆ. ನಿಮ್ಮ ಊಹೆಗೆ ತದ್ವಿರುದ್ಧ.