ಆ ಎರಡು ಸಾಕ್ಸ್ ಬಿಚ್ಚಿ ಅಪ್ಪನಿಗೆ ಕಾಲು ತೋರಿಸು

ಪ್ರಶ್ನೆ: ನಾನು ಮಂಡ್ಯ ಹತ್ತಿರದ ಹಳ್ಳಿಯವಳು, ಒಂಬತ್ತನೇ ಕ್ಲಾಸ್. ಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಒಯ್ದು ಆಟ ನಡೆಸುವವಳು. ತಾಲ್ಲೂಕು ಫೈನಲ್‌ನಲ್ಲಿ ರಿಂಗಿಗೆ ಬಡಿದು ವಾಪಸ್ ಬಂದ ಚೆಂಡಿಗೆ ಹಾರಿ ಇಳಿಯುವಾಗ ಇನ್ನೊಬ್ಬಳ ಪಾದದ ಮೇಲೆ ಬಿದ್ದು ಬಲಗಾಲು ಹೊರಳಿತು. ಪಂದ್ಯ ಗೆದ್ದೆವು. ಒಂಬತ್ತು ದಿನ ಆಯಿತು, ಊತ ಇಳಿದಿಲ್ಲ. ಮನೆಯಲ್ಲಿ ಸ್ವಲ್ಪ ಉಳುಕಿದೆ ಅಂದಿದ್ದೇನೆ. ಅಜ್ಜಿ ದಿನಾ ಬಿಸಿ ಎಣ್ಣೆ ಹಾಕಿ ನೀವುತ್ತಾರೆ. ಊತ ಕಾಣಬಾರದು ಅಂತ ಎರಡು ಸಾಕ್ಸ್ ಹಾಕುತ್ತೇನೆ. ಪ್ರಾಕ್ಟೀಸ್‌ಗೆ ಮೊದಲು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ತಗೊಳ್ಳುತ್ತೇನೆ. ಜಿಲ್ಲಾ ಮಟ್ಟಕ್ಕೆ ಇನ್ನು ಹನ್ನೆರಡು ದಿನ. ಪಿಟಿ ಸರ್‌ಗೆ ಗೊತ್ತಾದರೆ ಎಂಟನೇ ಕ್ಲಾಸಿನ ಹುಡುಗಿಯನ್ನು ಹಾಕುತ್ತಾರೆ. ಅಪ್ಪ ಕಬ್ಬು ಬೆಳೆಯುತ್ತಾರೆ, 'ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಟ ಸಾಕು' ಅಂತ ಆಗಲೇ ಎರಡು ಸಲ ಅಂದಿದ್ದಾರೆ. ಕಾಲು ನೋಡಿದರೆ ಬಿಡಿಸಿಯೇ ಬಿಡುತ್ತಾರೆ. ಈ ಒಂದು ಪಂದ್ಯ ಆಡಿ ಆಮೇಲೆ ಹೇಳಲಾ ಅಕ್ಕಾ?

ಉತ್ತರ: ಬೇಡ ಪುಟ್ಟಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಹೇಳು.

ನಿನ್ನ ಪತ್ರ ಓದುತ್ತಾ ಆ ಎರಡು ಸಾಕ್ಸ್ ವಿಷಯ ಬಂದಾಗ ಹೊಟ್ಟೆ ಚುರ್ ಅಂದಿತು. ಊದಿದ ಕಾಲಿಗೆ ಸಾಕ್ಸ್ ಮೇಲೆ ಸಾಕ್ಸ್, ಅದರ ಮೇಲೆ ಬಿಗಿ ಶೂ, ಆಮೇಲೆ ಸಿಮೆಂಟ್ ಕೋರ್ಟಿನ ಮೇಲೆ ಒಂದು ಗಂಟೆ ಓಟ. ಸಂಜೆ ಮನೆಗೆ ಬಂದು ಬಿಚ್ಚುವಾಗ ಎಲಾಸ್ಟಿಕ್ ಗುರುತು ಚರ್ಮದಲ್ಲಿ ಇಳಿದಿರುತ್ತೆ ಅಲ್ವಾ? ಅದನ್ನು ಒಬ್ಬಳೇ ನೋಡಿಕೊಂಡು ಒಂಬತ್ತು ದಿನ ಕಳೆದಿದ್ದೀಯ. ಬೈಯಲು ನನಗೆ ಮನಸ್ಸು ಬರುತ್ತಿಲ್ಲ.

ಮೊದಲು ಕಾಲಿನ ವಿಷಯ. ಪಾದ ಒಳಗೆ ಹೊರಳಿದಾಗ ಆಂಕಲ್‌ನ ಹೊರಬದಿಯಲ್ಲಿ ಎರಡು ಮೂಳೆಗಳನ್ನು ಹಿಡಿದಿಡುವ ಪಟ್ಟಿಯಂಥ ಲಿಗಮೆಂಟ್ ಎಳೆದುಹೋಗುತ್ತೆ, ಕೆಲವು ಸಲ ಹರಿಯುತ್ತೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅತಿ ಸಾಮಾನ್ಯವಾದ ಪೆಟ್ಟು ಇದೇ. ಸಣ್ಣದಾದರೆ 1ರಿಂದ 3 ವಾರ, ಅರ್ಧಂಬರ್ಧ ಹರಿದಿದ್ದರೆ 3ರಿಂದ 6 ವಾರ, ಪೂರ್ತಿ ಹರಿದಿದ್ದರೆ ತಿಂಗಳುಗಳೇ ಬೇಕು. ಆದರೆ ನಿನ್ನ ವಯಸ್ಸಿನಲ್ಲಿ ಇನ್ನೊಂದು ವಿಷಯ ಇದೆ. ಮೂಳೆ ಇನ್ನೂ ಬೆಳೆಯುತ್ತಿರುವಾಗ ಅದರ ತುದಿಯ ಹತ್ತಿರ ಮೆದುವಾದ ಒಂದು ಭಾಗ ಇರುತ್ತೆ, ಉದ್ದ ಬೆಳೆಯೋದು ಅಲ್ಲಿಂದ. ಎಷ್ಟೋ ಸಲ ಲಿಗಮೆಂಟಿಗಿಂತ ಅದೇ ಬಲಹೀನ. ದೊಡ್ಡವರಿಗೆ ಬರೀ ಉಳುಕು ಆಗುವ ಜಾಗದಲ್ಲಿ ಮಕ್ಕಳಿಗೆ ಅಲ್ಲಿ ಸೀಳು ಬಿಟ್ಟಿರಬಹುದು. ಹಾಗಾಗಿ 'ಇದು ಉಳುಕು ಅಷ್ಟೇ' ಅಂತ ನೀನೂ ಹೇಳಬೇಡ, ಅಜ್ಜಿಯೂ ಹೇಳೋದು ಬೇಡ, ನಾನೂ ಹೇಳಲ್ಲ. ಹೊರಗಿನ ಉಬ್ಬುಮೂಳೆಯ ಮೇಲೆ, ಅದರ ಹಿಂಭಾಗದಲ್ಲಿ ಬೆರಳಿಟ್ಟು ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ, ಅಥವಾ ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಹಾಕಲು ಆಗದೇ ಇದ್ದಿದ್ದರೆ, ಎಕ್ಸ್‌ರೇ ಬೇಕೇ ಬೇಕು. ನೋಯದಿದ್ದರೂ ನೀನು ಹೋಗು. ಒಂಬತ್ತು ದಿನದ ಊತ ಸುಮ್ನೆ ಬಿಡುವಂಥದ್ದಲ್ಲ. ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಇದೆ, ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಡಾಕ್ಟರ್ ಕೈಯಲ್ಲಿ ಒತ್ತಿ ನೋಡಿ ಹೇಳುವುದನ್ನು ಗಮನವಿಟ್ಟು ಕೇಳು. ಮಕ್ಕಳ ಮೂಳೆಯ ಆ ಸೀಳು ಕೆಲವು ಸಲ ಫೋಟೋದಲ್ಲಿ ಸಿಗಲ್ಲ.

ಅಲ್ಲಿಯವರೆಗೆ ಪ್ರಾಕ್ಟೀಸ್ ಬಂದ್. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಇಡು, ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಹಾಕು. ಆ ಮಾತ್ರೆ ನಿಲ್ಲಿಸು. ನೋವು ಇರೋದೇ 'ಇನ್ನು ಭಾರ ಹಾಕಬೇಡ' ಅಂತ ಹೇಳೋಕೆ, ನೀನು ಮಾತ್ರೆ ನುಂಗಿ ಅದರ ಬಾಯಿ ಮುಚ್ಚಿ ಮತ್ತೆ ಹಾರಿದರೆ ಅರ್ಧ ಹರಿದದ್ದು ಪೂರ್ತಿ ಹರಿಯಬಹುದು. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆಯೂ ಕೆಡುತ್ತೆ. ಅಜ್ಜಿಗೆ ನೋವಾಗದ ಹಾಗೆ ಹೇಳು, ಹೊಸ ಪೆಟ್ಟಿಗೆ ಬಿಸಿ ಎಣ್ಣೆ ಹಾಕಿ ಒತ್ತಿ ನೀವಿದರೆ ಊತ ಜಾಸ್ತಿಯೇ ಆಗುತ್ತೆ ಅಂತ. ಎಣ್ಣೆ ತಲೆಗೆ ಹಚ್ಚಲಿ, ಪ್ರೀತಿಯಿಂದ ಮಾಡುವ ಕೈಯನ್ನು ಪೂರ್ತಿ ದೂರ ಮಾಡಬೇಡ. ಊರಲ್ಲಿ ಯಾರಾದರೂ ನಾಟಿ ಕಟ್ಟು ಹಾಕಿಸೋಣ ಅಂತ ಬಂದೇ ಬರುತ್ತಾರೆ. ಎಕ್ಸ್‌ರೇ ಆಗುವ ಮೊದಲು ಕಟ್ಟಿಸಿಕೊಳ್ಳಬೇಡ. ಬಿಗಿ ಕಟ್ಟಿನಿಂದ ಬೆರಳು ತಣ್ಣಗಾಗಿ ನೀಲಿಗಟ್ಟಿ ಆಸ್ಪತ್ರೆಗೆ ಓಡಿಬಂದವರು ಇದ್ದಾರೆ.

ನಾನೂ ನಿನ್ನ ಹಾಗೆ ಮುಚ್ಚಿಟ್ಟವಳು. ಮೈಸೂರಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಥ್ರೋಬಾಲ್ ಹಿಡಿಯಲು ಹೋಗಿ ಚೆಂಡು ಬಲಗೈ ಉಂಗುರದ ಬೆರಳಿನ ತುದಿಗೆ ಬಡಿಯಿತು. ತುದಿಯ ಗೆಣ್ಣು ಕೆಳಗೆ ಬಾಗಿತು, ಏನು ಮಾಡಿದರೂ ತಾನಾಗಿ ನೆಟ್ಟಗಾಗಲಿಲ್ಲ. ಅಮ್ಮ ಕೇಳಿದರೆ ಮುಷ್ಟಿ ಹಿಡಿದುಕೊಳ್ಳುತ್ತಿದ್ದೆ. ಗೆಣ್ಣು ನೆಟ್ಟಗಿಟ್ಟು 6ರಿಂದ 8 ವಾರ ಪಟ್ಟಿ ಕಟ್ಟಿದ್ದರೆ ಸರಿಹೋಗುತ್ತಿತ್ತು ಅಂತ ಎಷ್ಟೋ ವರ್ಷ ಆದ ಮೇಲೆ ಡಾಕ್ಟರ್ ಹೇಳಿದರು. ಇವತ್ತಿಗೂ ಬೆರಳು ಕೊಕ್ಕೆಯ ಹಾಗೇ ಇದೆ, ಸೊಪ್ಪು ಬಿಡಿಸುವಾಗ, ಸೀರೆಗೆ ಪಿನ್ ಹಾಕುವಾಗ ಕಾಣುತ್ತೆ. ಯಾವ ಪಂದ್ಯಕ್ಕಾಗಿ ಮುಚ್ಚಿಟ್ಟೆನೋ ಅದರಲ್ಲಿ ಗೆದ್ದೆವಾ, ಸೋತೆವಾ ನೆನಪಿಲ್ಲ.

ಈಗ ಅಪ್ಪ. ನಿನ್ನ ಭಯ ನನಗೆ ಅರ್ಥ ಆಗುತ್ತೆ, ಅದು ಸುಳ್ಳೂ ಅಲ್ಲ. ಕಾಲು ಒಂದು ನೆಪ ಆಗಬಹುದು. ಆದರೆ ಯೋಚನೆ ಮಾಡು, ಜಿಲ್ಲಾ ಪಂದ್ಯದ ಮಧ್ಯೆ ಕಾಲು ಮತ್ತೆ ಹೊರಳಿ ನಿನ್ನನ್ನು ಎತ್ತಿಕೊಂಡು ಬಂದರೆ, ಇಷ್ಟು ದಿನ ಸುಳ್ಳು ಹೇಳಿದ್ದೂ ಆವತ್ತೇ ಹೊರಬಿದ್ದರೆ, ಆಮೇಲೆ ಅವರು ನಿನ್ನ ಯಾವ ಮಾತು ಕೇಳುತ್ತಾರೆ? ಇವತ್ತು ನೀನಾಗಿ ಹೇಳಿದರೆ ಮಾತಾಡಲು ಜಾಗ ಇರುತ್ತೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೋ. ಸಾಕ್ಸ್ ಬಿಚ್ಚಿ ಎರಡೂ ಕಾಲು ಜೋಡಿಸಿ ತೋರಿಸು. ಮಾತ್ರೆ ವಿಷಯವನ್ನೂ ಹೇಳು, ಅದನ್ನು ಬಿಡಬೇಡ. ಆಮೇಲೆ ಮುಂದಿನ ನಾಲ್ಕು ಸಾಲು ಓದಲು ಕೊಡು.

ಅಣ್ಣಾ, ನಿಮ್ಮ ಮಗಳು ಭಯಪಟ್ಟಿದ್ದು ಕಾಲಿನ ನೋವಿಗಲ್ಲ, ಆಟ ಹೋಗುತ್ತೆ ಅಂತ. ಕುಂಟುವ ಎತ್ತಿಗೆ ನೀವು ನೊಗ ಹೂಡಲ್ಲ, ಹಾಗಂತ ಮಾರನೇ ದಿನವೇ ಸಂತೆಗೆ ಹೊಡೆಯೋದೂ ಇಲ್ಲ. ಕಾಲು ವಾಸಿ ಆಗುವವರೆಗೆ ಆಟ ಬೇಡ ಅನ್ನಿ, ಅದು ಸರಿ. ಆಟವೇ ಬೇಡ ಅಂದರೆ ಮುಂದಿನ ಸಲ ಪೆಟ್ಟಾದಾಗಲೂ ಅವಳು ಹೇಳಲ್ಲ. ಎಸ್ಸೆಸ್ಸೆಲ್ಸಿಯ ಮಾತು ಬೇರೆ ದಿನ ಕೂತು ಆಡಿ, ಈ ಕಾಲಿಗೆ ಅದನ್ನು ಗಂಟು ಹಾಕಬೇಡಿ.

ಪಿಟಿ ಸರ್‌ಗೆ ನಾಳೆಯೇ ಹೇಳು. ನೀನು ತಡ ಮಾಡಿದಷ್ಟೂ ಆ ಎಂಟನೇ ಕ್ಲಾಸಿನ ಹುಡುಗಿಗೆ ತಯಾರಾಗಲು ದಿನ ಕಮ್ಮಿ. ಅವಳು ಆಡೋದು ನೋಡುವಾಗ ನಿನಗೆ ಅಳು ಬರುತ್ತೆ, ಬರಲಿ. ಬೆಂಚಿನಲ್ಲಿ ಕೂತು ಅತ್ತವರು ಎಷ್ಟೋ ಜನ. ಆದರೆ ನಿನಗೆ ಗೊತ್ತಿರುವ ಆಟದ ಎರಡು ತಂತ್ರ ಅವಳಿಗೆ ನೀನೇ ಹೇಳಿಕೊಡು, ಎದುರು ಟೀಮಿನ ಗಾರ್ಡ್ ಯಾವ ಕೈಗೆ ತಿರುಗುತ್ತಾಳೆ ಅಂತ ಹೊರಗಿಂದ ನೋಡಿ ಕೂಗಿ ಹೇಳು. ಡಾಕ್ಟರ್ ಒಪ್ಪಿದರೆ ಕುರ್ಚಿಯಲ್ಲಿ ಕೂತೇ ಶೂಟ್ ಮಾಡು, ಸ್ಟೂಲ್ ಮೇಲೆ ಕೂತು ಎಡಗೈಯಲ್ಲಿ ಡ್ರಿಬ್ಲ್ ಮಾಡು. ಇದು ಸಮಯ ಕಳೆಯಲು ಹೇಳುವ ಮಾತಲ್ಲ, ಕೈ ನಿಜವಾಗಿಯೂ ಪಳಗುತ್ತೆ.

ಹನ್ನೆರಡು ದಿನದಲ್ಲಿ ಆಡಬಹುದಾ ಅಂದರೆ, ಬಹುಶಃ ಇಲ್ಲ. ಸಣ್ಣ ಉಳುಕಾಗಿದ್ದರೆ ಒಂದು ಆಸೆ ಇಟ್ಟುಕೊಳ್ಳಬಹುದು, ಆದರೆ ನೀನು ದಿನಾ ಅದರ ಮೇಲೆ ಓಡಿದ್ದೀಯ. ದಿನ ಎಣಿಸಬೇಡ, ಕಾಲನ್ನು ಕೇಳು. ಊತ ಇಳಿದ ಮೇಲೆ ಬಲಗಾಲಿನ ಮೇಲೆ ಒಂಟಿಯಾಗಿ 30 ಸೆಕೆಂಡ್ ಅಲ್ಲಾಡದೆ ನಿಲ್ಲಲು ಬರಬೇಕು. ಆಮೇಲೆ ಕುಂಟಾಬಿಲ್ಲೆ ಆಡುವ ಹಾಗೆ ಅದೇ ಕಾಲಲ್ಲಿ ಹತ್ತು ಸಲ ಹಾರಬೇಕು. ಆಮೇಲೆ ನೇರ ಓಟ, ಅಂಕುಡೊಂಕು ಓಟ, ಕೊನೆಗೆ ಹಾರಿ ಇಳಿಯೋದು. ಎಲ್ಲಿ ನೋವು ಬಂತೋ ಅಲ್ಲೇ ನಿಲ್ಲು, ಒಂದು ಮೆಟ್ಟಿಲು ಹಿಂದೆ ಬಾ. ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಆಟಕ್ಕೆ ವಾಪಸ್ ಬಂದ ಮೇಲೂ ಬಿಡಬೇಡ, ಹಲ್ಲುಜ್ಜುವಾಗ ಮಾಡು. ಒಮ್ಮೆ ಹೊರಳಿದ ಆಂಕಲ್ ಮತ್ತೆ ಹೊರಳೋದು ಸುಲಭ, ಅದನ್ನು ತಡೆಯುವುದು ಈ ಅಭ್ಯಾಸ ಮತ್ತು ಆಂಕಲ್‌ಗೆ ಆಸರೆಯಾಗಿ ಹಾಕುವ ಬ್ರೇಸ್.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಟೀಫನ್ ಕರಿ ಆಟ ನೀನು ನೋಡಿರ್ತೀಯ. ಅವನ ಬಲಗಾಲಿನ ಆಂಕಲ್‌ಗೆ 2011ರಲ್ಲಿ ಒಂದು, 2012ರಲ್ಲಿ ಇನ್ನೊಂದು ಆಪರೇಷನ್ ಆಯಿತು. ಆ ನಡುವಿನ ಸೀಸನ್‌ನ 66 ಪಂದ್ಯಗಳಲ್ಲಿ ಅವನು ಆಡಿದ್ದು 26. ಆಮೇಲೆ ಸೊಂಟಕ್ಕೆ, ತೊಡೆಗೆ ಬಲ ಬರುವ ಹಾಗೆ ನಿಧಾನವಾಗಿ ಕೆಲಸ ಮಾಡಿದ. 2015, 2016, ಎರಡೂ ವರ್ಷ ಎನ್‌ಬಿಎಯ ಅತ್ಯುತ್ತಮ ಆಟಗಾರ ಅವನೇ. ನಿನಗೆ ಹತ್ತನೇ ಕ್ಲಾಸಿನ ಸೀಸನ್ ಇದೆ, ಆಮೇಲೆ ಪಿಯುಸಿಯೂ ಇದೆ.

ಡಾಕ್ಟರ್ ಏನು ಹೇಳಿದರು, ಅಪ್ಪ ಏನಂದರು, ಎರಡೂ ಬರೆ. ನಿನ್ನ ಪತ್ರಕ್ಕೆ ಕಾಯುತ್ತಿರುತ್ತೇನೆ.