ಚೆಲ್ಲೊ ಕಳುಹಿಸುವ ಮುನ್ನ

ಪ್ರಶ್ನೆ: ನನ್ನ ಹಳೆಯ ಚೆಲ್ಲೊ ವಾದ್ಯವನ್ನು (ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ಸ್ವತಂತ್ರ ಕೊರಿಯರ್‌ನವರ ವ್ಯಾನಿನಲ್ಲಿ ಬಹುದೂರ ಕಳುಹಿಸಬೇಕಾಗಿದೆ. ತಂತಿಗಳನ್ನು ಪೂರ್ತಿ ಬಿಚ್ಚಿಡಬೇಕೆ?

ಉತ್ತರ: ಬೇಡ. ವಾದ್ಯದ ಒಡಲೊಳಗೆ ನಿಂತಿರುವ ಸಣ್ಣ ಮರದ ಕಡ್ಡಿಗೆ ಅಂಟು ಹಾಕಿರುವುದಿಲ್ಲ. ತಂತಿಗಳ ಬಿಗಿತವೇ ಅದನ್ನು ಹಿಡಿದಿಡುವುದರಿಂದ, ಪೂರ್ತಿ ಸಡಿಲಿಸಿದರೆ ದಾರಿಯ ಕುಲುಕಾಟಕ್ಕೆ ಅದು ಬಿದ್ದುಹೋಗುವ ಸಂಭವವಿದೆ. ಬಿಗಿತವನ್ನು ಸ್ವಲ್ಪ ಮಾತ್ರ ಇಳಿಸಿ, ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಾದ ಬ್ರಿಡ್ಜ್‌ನ ಎರಡೂ ಬದಿಗೆ ಮೆತ್ತನೆಯ ಬಟ್ಟೆಯಿಟ್ಟು, ಗಟ್ಟಿ ಪೆಟ್ಟಿಗೆಯೊಳಗೆ ಕುತ್ತಿಗೆಯ ಭಾಗ ಅಲುಗದಂತೆ ಆಸರೆ ಕೊಡಿ. ವಾದ್ಯ ನುಡಿಸುವ ಕಮಾನನ್ನೂ ಸಡಿಲಿಸಿಡಿ. ಇಂತಹ ವಾದ್ಯಗಳ ಭಾಗಗಳನ್ನು ಕೂಡಿಸುವ ಸಾಂಪ್ರದಾಯಿಕ ಅಂಟು ಬಿಸಿಗೆ ಮೆದುವಾಗುವುದರಿಂದ, ಬಿಸಿಲಲ್ಲಿ ನಿಲ್ಲಿಸಿದ ವ್ಯಾನು, ನನ್ನ ಅಭಿಪ್ರಾಯದಲ್ಲಿ, ಗುಂಡಿಬಿದ್ದ ರಸ್ತೆಗಿಂತಲೂ ಅಪಾಯಕಾರಿ. ದಾರಿಯಲ್ಲಿ ವಾಹನ ಬದಲಾಗುವುದೇ, ವಿಮೆಯು ವಾದ್ಯದ ಪೂರ್ಣ ಬೆಲೆಗೆ ಅನ್ವಯಿಸುವುದೇ ಎಂಬ ಎರಡಕ್ಕೂ ಲಿಖಿತ ಉತ್ತರ ಪಡೆದ ನಂತರವೇ ಪೆಟ್ಟಿಗೆಯನ್ನು ಒಪ್ಪಿಸಿ.